ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಏರೋಪ್ಲೇನ್ ಚಿಟ್ಟೆಗಳ ದಾಖಲಾತಿ ಹಾಗೂ ನಕ್ಷೆ: ಸ್ವಯಂಸೇವಕರಿಗೆ ಮಾಹಿತಿ

ಪೀಠಿಕೆ

ಜನಸಾಮಾನ್ಯರು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟವು ವಾಸ್ತವದಲ್ಲಿ ಚಿಟ್ಟೆಯ ವರ್ಗಕ್ಕೆ ಸೇರಿದುದಲ್ಲ. ಇದು ಒಡೊನೇಟಾ ಎಂಬ ಪ್ರತ್ಯೇಕ ಗಣಕ್ಕೆ ಸೇರಿದೆ. ಈ ಗಣದಲ್ಲಿ ಮುಖ್ಯವಾಗಿ ಎರಡು ಗುಂಪುಗಳಿವೆ. ಕುಳಿತಾಗಲೂ ರೆಕ್ಕೆಗಳನ್ನು ಅಗಲಿಸಿಕೊಂಡಿರುವ ದೃಢಕಾಯದವು ಡ್ರ್ಯಾಗನ್‌ಫ್ಲೈಗಳು; ಸಪೂರ ದೇಹವನ್ನು ಹೊಂದಿ, ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನ ಮೇಲೆ ಮಡಿಚಿ ಕೂರುವವು ಡ್ಯಾಮ್ಸೆಲ್‌ಫ್ಲೈಗಳು. ಪ್ರಪಂಚದಲ್ಲಿ ಈ ಗಣದ 6,000ಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು 500 ಹಾಗೂ ಪಶ್ಚಿಮಘಟ್ಟಗಳಲ್ಲಿ ಸುಮಾರು 200 ಪ್ರಭೇದಗಳಿವೆ. ಘಟ್ಟಗಳಲ್ಲಿರುವ ಪ್ರಭೇದಗಳ ಪೈಕಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವು ಪ್ರಪಂಚದ ಬೇರೆಲ್ಲಿಯೂ ಕಂಡುಬರುವುದಿಲ್ಲ.

ಈ ಕೀಟವು ತನ್ನ ಜೀವಿತದ ಬಹುಭಾಗವನ್ನು ನೀರಿನಲ್ಲಿ ಮರಿಯಾಗಿ ಕಳೆಯುತ್ತದೆ. ಮಳೆಗಾಲದ ಹೊಂಡಗಳಲ್ಲಿ ಬೆಳೆಯುವ ಪ್ರಭೇದಗಳಿಗೆ ಕೆಲವು ವಾರಗಳು ಸಾಕು. ಘಟ್ಟದ ತೊರೆಗಳ ಮರಳಿನಲ್ಲಿ ಹುದುಗಿರುವ ಕೆಲವು ಪ್ರಭೇದಗಳಿಗೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕಾಗುತ್ತದೆ. ಆದಕಾರಣ ಒಂದು ತೋಡಿನಲ್ಲಿ ಯಾವ ಏರೋಪ್ಲೇನ್ ಚಿಟ್ಟೆ ಇದೆ, ಯಾವುದು ಇಲ್ಲ ಎಂಬುದು ಆ ತೋಡಿನ ನೀರು ಕಳೆದ ಹಲವು ತಿಂಗಳುಗಳಲ್ಲಿ ಹೇಗಿತ್ತು ಎಂಬುದನ್ನು ತಿಳಿಸುತ್ತದೆ. ನೀರಿನ ಮಾದರಿಯನ್ನು ಸೀಸೆಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಿದಲ್ಲಿ ತಿಳಿದುಬರುವುದು ಆ ದಿನದ ಸ್ಥಿತಿ ಮಾತ್ರ.

ಈ ಮೂರು ತಾಲ್ಲೂಕುಗಳ ಜಲಮೂಲಗಳು

ಮೂರೂ ತಾಲ್ಲೂಕುಗಳು ದಕ್ಷಿಣ ಕನ್ನಡ ಜಿಲ್ಲೆಯ ಪೂರ್ವ ಮತ್ತು ಆಗ್ನೇಯ ಭಾಗದಲ್ಲಿವೆ. ಪುಷ್ಪಗಿರಿ ಶ್ರೇಣಿಯಲ್ಲಿ ಹುಟ್ಟುವ ಕುಮಾರಧಾರಾ ನದಿಯು ಸುಬ್ರಹ್ಮಣ್ಯದ ಮೂಲಕ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಶಿರಾಡಿ ಘಾಟಿಯ ಕಡೆಯಿಂದ ಬರುವ ಗುಂಡ್ಯ ಹೊಳೆಯು ಕುಮಾರಧಾರೆಯ ಉಪನದಿಯಾಗಿದೆ. ಪಯಸ್ವಿನಿಯು ಕೊಡಗಿನ ಬೆಟ್ಟಗಳಿಂದಿಳಿದು ಸಂಪಾಜೆ, ಅರಂತೋಡು, ಸುಳ್ಯಗಳ ಮೂಲಕ ಕೇರಳವನ್ನು ಪ್ರವೇಶಿಸಿ ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನ ಬಳಿ ಸಮುದ್ರವನ್ನು ಸೇರುತ್ತದೆ. ಜಿಲ್ಲೆಯಲ್ಲಿ ವಾರ್ಷಿಕ ಮಳೆಯು ಸುಮಾರು 4,000 ಮಿ.ಮೀ. ಇದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ.

ದೊಡ್ಡ ನದಿಗಳ ಹೆಸರು ನಕ್ಷೆಯಲ್ಲಿರುತ್ತದೆ. ದಾಖಲಾತಿಯ ದೃಷ್ಟಿಯಿಂದ ಹೆಚ್ಚು ಮುಖ್ಯವಾದವು ಹೆಸರಿಲ್ಲದ ಜಲಮೂಲಗಳು: ಅಡಿಕೆ ತೋಟದ ನಡುವಿನ ತೋಡು, ಗುಡ್ಡದ ಮದಕ, ಸುರಂಗದ ಬಾಯಿಯ ಸಣ್ಣ ಕೆರೆ, ಬೈಲಿನ ಗದ್ದೆ, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಪದವಿನ ಮುರಕಲ್ಲಿನ ಹೊಂಡ. ಏಣೆಲು ಬೇಸಾಯದ ಗದ್ದೆಗಳು ತೋಟಗಳಾಗಿ ಮಾರ್ಪಟ್ಟಿರುವಲ್ಲಿ, ಗದ್ದೆಯ ನಿಂತ ನೀರನ್ನು ಅವಲಂಬಿಸಿದ ನ್ಯೂರೋಥೆಮಿಸ್ ಟುಲ್ಲಿಯಾದಂತಹ ಪ್ರಭೇದಕ್ಕೆ ಉಳಿದಿರುವ ನೆಲೆಗಳೆಷ್ಟು ಎಂಬುದನ್ನು ಆಯಾ ಗ್ರಾಮದವರೇ ಹೇಳಬಲ್ಲರು. ಬೇಸಿಗೆಯ ಆರಂಭದಲ್ಲಿ ಊರವರು ಸೇರಿ ಕಟ್ಟುವ ಕಟ್ಟಗಳೂ, ಶಾಶ್ವತ ಕಿಂಡಿ ಅಣೆಕಟ್ಟುಗಳೂ ಹರಿಯುವ ನೀರನ್ನು ಕೆಲವು ತಿಂಗಳ ಕಾಲ ನಿಂತ ನೀರನ್ನಾಗಿ ಮಾಡುತ್ತವೆ. ಕಟ್ಟದ ಮೇಲ್ಭಾಗದಲ್ಲಿಯೂ ಕೆಳಭಾಗದಲ್ಲಿಯೂ ಕಾಣುವ ಪ್ರಭೇದಗಳನ್ನು ಪ್ರತ್ಯೇಕವಾಗಿ ಬರೆದಿಡುವುದು ಉಪಯುಕ್ತ. ಸುಳ್ಯ ತಾಲ್ಲೂಕಿನ ತೊಡಿಕಾನದ ಮತ್ಸ್ಯತೀರ್ಥದಂತೆ ದೇವರ ಮೀನುಗಳಿಗಾಗಿ ಜನರೇ ರಕ್ಷಿಸಿಕೊಂಡು ಬಂದ ಮಡುಗಳು ಹೋಲಿಕೆಗೆ ಉತ್ತಮ ಸ್ಥಳಗಳಾಗಿವೆ.

ದಾಖಲಾತಿಯ ಹಿನ್ನೆಲೆ

ಭಾರತದ ಏರೋಪ್ಲೇನ್ ಚಿಟ್ಟೆಗಳ ಕುರಿತ ಮೂಲಗ್ರಂಥವು ಸೇನಾ ವೈದ್ಯರಾಗಿದ್ದ ಎಫ್. ಸಿ. ಫ್ರೇಸರ್ ಅವರು ರಚಿಸಿದ, 1933, 1934 ಮತ್ತು 1936ರಲ್ಲಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಪ್ರಕಟವಾದ 3 ಸಂಪುಟಗಳಾಗಿವೆ. ಅವರು ಕೊಡಗಿನಲ್ಲಿ ವಿಸ್ತಾರವಾಗಿ ಸಂಗ್ರಹ ಮಾಡಿದ್ದು, ಘಟ್ಟದ ಈ ಭಾಗದ ಅನೇಕ ಪ್ರಭೇದಗಳ ವಿವರ ಅವುಗಳಲ್ಲಿ ದೊರೆಯುತ್ತದೆ. ಆ ಬಳಿಕ ಬಹುಕಾಲ ಸಾಮಾನ್ಯ ಓದುಗರ ಕೈಗೆ ಸಿಗುವಂತಹ ಪುಸ್ತಕ ಇರಲಿಲ್ಲ. 2005ರಲ್ಲಿ ಕೆ. ಎ. ಸುಬ್ರಮಣಿಯನ್ ಅವರ ದಕ್ಷಿಣ ಭಾರತದ ಕ್ಷೇತ್ರ ಕೈಪಿಡಿಯು ಬೆಂಗಳೂರಿನಿಂದ ಇ-ಪುಸ್ತಕವಾಗಿ ಹೊರಬಂದ ನಂತರ ಶಾಲಾ ಶಿಕ್ಷಕರು, ಕೃಷಿಕರು ಹಾಗೂ ಛಾಯಾಗ್ರಾಹಕರು ಈ ಕೀಟಗಳನ್ನು ಗುರುತಿಸಲು ಸಾಧ್ಯವಾಯಿತು. 2018ರಲ್ಲಿ ಭಾರತೀಯ ಪ್ರಾಣಿಸರ್ವೇಕ್ಷಣಾ ಸಂಸ್ಥೆಯು ಪಶ್ಚಿಮಘಟ್ಟಗಳ ಒಡೊನೇಟಾ ಕುರಿತ ಅಟ್ಲಾಸನ್ನು ಪ್ರಕಟಿಸಿತು.

ಸ್ವಯಂಸೇವಕರ ಮೂಲಕ ಜಿಲ್ಲಾವಾರು ದಾಖಲಾತಿ ನಡೆಸುವ ಪದ್ಧತಿಯು ಬ್ರಿಟನ್ನಿನಲ್ಲಿ ಬಹಳ ಹಿಂದೆಯೇ ರೂಢಿಗೆ ಬಂದಿದೆ. ಅಲ್ಲಿ ಪ್ರತಿ ಕೌಂಟಿಗೆ ಒಬ್ಬ ದಾಖಲೆಗಾರನಿದ್ದು, ಸ್ಥಳೀಯರು ಕಳುಹಿಸಿದ ನಮೂದುಗಳನ್ನು ಪರಿಶೀಲಿಸಿ ರಾಷ್ಟ್ರೀಯ ಸಂಗ್ರಹಕ್ಕೆ ಸೇರಿಸುತ್ತಾನೆ. ದೇಶದ ಅಟ್ಲಾಸುಗಳು 1996ರಲ್ಲಿಯೂ 2014ರಲ್ಲಿಯೂ ಇಂತಹ ನಮೂದುಗಳಿಂದಲೇ ಸಿದ್ಧಗೊಂಡವು. ನೆರೆಯ ಕೇರಳದಲ್ಲಿಯೂ ಸ್ವಯಂಸೇವಕರ ಸಂಘಟಿತ ಸಮೀಕ್ಷೆಗಳು ನಡೆಯುತ್ತಿವೆ. ಪುತ್ತೂರು, ಸುಳ್ಯ ಮತ್ತು ಕಡಬದ ಆಸಕ್ತರಿಗೆ ಲಭ್ಯವಿರುವ ಮಾರ್ಗಗಳು ಎರಡು. ಒಂದು, ಸಾರ್ವಜನಿಕ ಅಂತರ್ಜಾಲ ಸಂಗ್ರಹಗಳು. ಮತ್ತೊಂದು, ಜೀವವೈವಿಧ್ಯ ಅಧಿನಿಯಮ, 2002ರಡಿ ಪ್ರತಿ ಸ್ಥಳೀಯ ಸಂಸ್ಥೆಯು ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲಾತಿ. ಎರಡನ್ನೂ ಬಳಸುವುದು ಸೂಕ್ತ. ಅಂತರ್ಜಾಲದಲ್ಲಿರುವ ನಮೂದು ವಿಜ್ಞಾನಿಗಳಿಗೆ ತಲುಪುತ್ತದೆ, ಪಂಚಾಯತಿನ ದಾಖಲಾತಿಯಲ್ಲಿರುವ ನಮೂದು ಆ ತೋಡಿನ ಬಗ್ಗೆ ನಿರ್ಣಯ ಕೈಗೊಳ್ಳುವವರ ಮೇಜಿನ ಮೇಲಿರುತ್ತದೆ.

ನಮೂದಿನಲ್ಲಿ ಇರಬೇಕಾದ ಅಂಶಗಳು

ಯಾವ ಪ್ರಭೇದ, ಯಾವ ಸ್ಥಳ, ಯಾವ ದಿನಾಂಕ, ಕಂಡವರು ಯಾರು: ಈ 4 ಅಂಶಗಳಲ್ಲಿ ಒಂದು ಇಲ್ಲದಿದ್ದರೂ ನಮೂದನ್ನು ನಕ್ಷೆಗೆ ಬಳಸಲಾಗುವುದಿಲ್ಲ. ಇವುಗಳಲ್ಲದೆ ನೀರಿನ ಬಗೆ, ಹರಿವು, ಸುತ್ತಲಿನ ನೆರಳು, ಕಂಡ ಸಂಖ್ಯೆ, ಗಂಡೋ ಹೆಣ್ಣೋ ಎಂಬುದನ್ನು ಬರೆದಲ್ಲಿ ನಮೂದಿನ ಮೌಲ್ಯ ಹೆಚ್ಚುತ್ತದೆ. ಊರಿನಲ್ಲಿ ತುಳು, ಅರೆಭಾಷೆ, ಮಲಯಾಳ ಅಥವಾ ಹವ್ಯಕ ಕನ್ನಡದಲ್ಲಿ ಆ ಕೀಟಕ್ಕೆ ಹೆಸರಿದ್ದರೆ ಅದನ್ನು ಕೇಳಿದಂತೆಯೇ ಬರೆಯತಕ್ಕದ್ದು, ತಿದ್ದತಕ್ಕದ್ದಲ್ಲ.

‘ಸುಳ್ಯ, ಕೆಂಪು ಏರೋಪ್ಲೇನ್ ಚಿಟ್ಟೆ, ಅಕ್ಟೋಬರ್’ ಎಂಬ ನಮೂದಿನಿಂದ ಪ್ರಯೋಜನವಿಲ್ಲ. ಕೆಂಪು ಬಣ್ಣದ ಪ್ರಭೇದಗಳು ಹಲವಾರಿವೆ, ಸುಳ್ಯವೆಂದರೆ ಪೇಟೆಯೋ ತಾಲ್ಲೂಕೋ ತಿಳಿಯುವುದಿಲ್ಲ, ವರ್ಷವಂತೂ ಇಲ್ಲವೇ ಇಲ್ಲ.

ವಯಸ್ಕ ಕೀಟವು ಒಂದು ಸ್ಥಳದಲ್ಲಿ ಕಂಡುಬಂದಿತೆಂದ ಮಾತ್ರಕ್ಕೆ ಅದು ಅಲ್ಲಿಯೇ ಹುಟ್ಟಿದೆ ಎಂದು ಭಾವಿಸುವಂತಿಲ್ಲ. ಪ್ಯಾಂಟಲ ಫ್ಲೇವೆಸೆನ್ಸ್ ಎಂಬ ಹಳದಿ ಬಣ್ಣದ ಪ್ರಭೇದವು ಇದಕ್ಕೆ ಅತ್ಯುತ್ತಮ ನಿದರ್ಶನ. ಗದ್ದೆ, ಮೈದಾನಗಳ ಮೇಲೆ ನೂರಾರು ಸಂಖ್ಯೆಯಲ್ಲಿ ಸುಳಿದಾಡುವ ಇದು ಭಾರತದಿಂದ ಮಾಲ್ಡೀವ್ಸ್ ಮಾರ್ಗವಾಗಿ ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕಾಕ್ಕೆ ವಲಸೆ ಹೋಗುತ್ತದೆಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿಯು 2009ರಲ್ಲಿ ಪ್ರತಿಪಾದಿಸಿದರು. ಪುತ್ತೂರಿನ ಕಿಲ್ಲೆ ಮೈದಾನದ ಮೇಲೆ ಇದು ಹಾರುತ್ತಿದ್ದರೆ ಅದು ಪುತ್ತೂರಿನ ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದುದರಿಂದ ಸಂತಾನಾಭಿವೃದ್ಧಿಯ ಸಾಕ್ಷ್ಯವನ್ನು ಹುಡುಕಿ ಬರೆಯುವುದು ಅವಶ್ಯ: ಗಂಡು ಹೆಣ್ಣುಗಳ ಕೂಡುವಿಕೆ, ಮೊಟ್ಟೆಯಿಡುವಿಕೆ, ಆಗಷ್ಟೇ ಹೊರಬಂದ ಮೆದುದೇಹದ ಮಿನುಗುರೆಕ್ಕೆಯ ಕೀಟ. ಎಲ್ಲಕ್ಕಿಂತ ಬಲವಾದ ಸಾಕ್ಷ್ಯವೆಂದರೆ ಪೊರೆ. ಮರಿಯು ನೀರಿನಿಂದ ಹೊರಬಂದು ಕಲ್ಲು ಅಥವಾ ಹುಲ್ಲಿನ ಕಡ್ಡಿಗೆ ಅಂಟಿ ಕಳಚಿಟ್ಟ ಈ ಒಣ ಚರ್ಮವನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ದಿನಾಂಕ ಬರೆದಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಜೀವಕ್ಕೆ ಹಾನಿಯೂ ಇಲ್ಲ.

ಸ್ಥಳನಾಮದ ಬಗ್ಗೆ ವಿಶೇಷ ಸೂಚನೆ

ಈ ಮೂರು ತಾಲ್ಲೂಕುಗಳ ನಮೂದುಗಳಲ್ಲಿ ಅತಿ ಹೆಚ್ಚಿನ ಗೊಂದಲಕ್ಕೆ ಕಾರಣವಾಗುವುದು ಸ್ಥಳದ ಹೆಸರೇ ಹೊರತು ಕೀಟದ ಹೆಸರಲ್ಲ. ಕಡಬ ತಾಲ್ಲೂಕು ಅಸ್ತಿತ್ವಕ್ಕೆ ಬಂದದ್ದು 2018ರಲ್ಲಿ. ಪುತ್ತೂರು ತಾಲ್ಲೂಕಿನ ಗ್ರಾಮಗಳ ಜೊತೆಗೆ ಸುಳ್ಯ ತಾಲ್ಲೂಕಿನಲ್ಲಿದ್ದ ಸುಬ್ರಹ್ಮಣ್ಯ ಮೊದಲಾದ ಗ್ರಾಮಗಳೂ ಇದಕ್ಕೆ ಸೇರಿದವು. ಪರಿಣಾಮವಾಗಿ 2010ರಲ್ಲಿ ಸುಬ್ರಹ್ಮಣ್ಯದಲ್ಲಿ ತೆಗೆದ ಚಿತ್ರವು ಸುಳ್ಯದ ಪಟ್ಟಿಯಲ್ಲಿಯೂ, ಅದೇ ಮಡುವಿನಲ್ಲಿ 2020ರಲ್ಲಿ ತೆಗೆದ ಚಿತ್ರವು ಕಡಬದ ಪಟ್ಟಿಯಲ್ಲಿಯೂ ಸೇರುತ್ತದೆ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಆ ಪ್ರಭೇದ ಸುಳ್ಯದಲ್ಲಿ ಅಳಿದು ಕಡಬದಲ್ಲಿ ಹೊಸದಾಗಿ ಕಾಣಿಸಿಕೊಂಡಿದೆ ಎಂಬ ತಪ್ಪು ತೀರ್ಮಾನಕ್ಕೆ ಬರಬಹುದು. ಕೀಟವು ಇದ್ದಲ್ಲಿಯೇ ಇರುತ್ತದೆ. ಬದಲಾದುದು ಆಡಳಿತದ ಗಡಿ ಮಾತ್ರ. 1956ಕ್ಕೂ ಮುಂಚಿನ ಚೀಟಿಗಳಲ್ಲಿ ‘ದಕ್ಷಿಣ ಕನ್ನಡ’ ಎಂದಿದ್ದರೆ ಅದರಲ್ಲಿ ಕಾಸರಗೋಡೂ, 1997ಕ್ಕೂ ಮುಂಚಿನವುಗಳಲ್ಲಿ ಉಡುಪಿಯೂ ಸೇರಿರುವ ಸಾಧ್ಯತೆಯನ್ನು ಗಮನದಲ್ಲಿರಿಸಿಕೊಳ್ಳತಕ್ಕದ್ದು.

ಇನ್ನು ಒಂದೇ ಹೆಸರಿನ ಊರುಗಳು. ಸಂಪಾಜೆ ಎಂಬ ಗ್ರಾಮ ದಕ್ಷಿಣ ಕನ್ನಡದಲ್ಲಿಯೂ ಇದೆ, ಗಡಿಯಾಚೆ ಕೊಡಗಿನಲ್ಲಿಯೂ ಇದೆ. ಸವಣೂರು ಕಡಬ ತಾಲ್ಲೂಕಿನಲ್ಲಿಯೂ ಇದೆ, ಹಾವೇರಿ ಜಿಲ್ಲೆಯಲ್ಲಿಯೂ ಇದೆ. ಆಂಧ್ರಪ್ರದೇಶದಲ್ಲಿಯೂ ಒಂದು ಪುತ್ತೂರು ಇರುವುದರಿಂದ, ಗಣಕಯಂತ್ರದಲ್ಲಿ ಊರಿನ ಹೆಸರನ್ನಷ್ಟೇ ಬೆರಳಚ್ಚಿಸಿದಲ್ಲಿ ಪಶ್ಚಿಮಘಟ್ಟದ ತೊರೆಯ ಕೀಟವೊಂದು ಪೂರ್ವ ಕರಾವಳಿಯ ಒಣಭೂಮಿಯಲ್ಲಿ ಗುರುತಾಗುವ ಸಂಭವವಿದೆ.

ಇದಕ್ಕೆ ಪರಿಹಾರವೆಂದರೆ ಅಕ್ಷಾಂಶ ಮತ್ತು ರೇಖಾಂಶವನ್ನು ನಮೂದಿಸುವುದು. ಸಾಮಾನ್ಯ ಮೊಬೈಲ್ ದೂರವಾಣಿಯಲ್ಲಿ ಇದು ಲಭ್ಯವಿದೆ. ದಶಮಾಂಶ ಬಿಂದುವಿನ ನಂತರ 4 ಅಂಕಿಗಳನ್ನು ಬರೆದಲ್ಲಿ ಸ್ಥಳವು ಸುಮಾರು 11 ಮೀಟರಿನೊಳಗೆ ನಿಖರವಾಗುತ್ತದೆ. 2 ಅಂಕಿಗಳಷ್ಟೇ ಇದ್ದರೆ ವ್ಯತ್ಯಾಸವು 1 ಕಿ.ಮೀ. ದಾಟಬಹುದು. ಘಟ್ಟದ ಬುಡದಲ್ಲಿ 1 ಕಿ.ಮೀ. ಅಂತರವೆಂದರೆ ತೋಟದ ತೋಡಿನಿಂದ ಕಾಡಿನ ಝರಿಗೆ ಇರುವ ಅಂತರ. ಇದರೊಂದಿಗೆ ಗ್ರಾಮ, ತಾಲ್ಲೂಕು ಮತ್ತು ಹೊಳೆಯ ಹೆಸರನ್ನು ಬರೆದು, 2018ಕ್ಕಿಂತ ಹಿಂದಿನ ಚಿತ್ರವಾಗಿದ್ದಲ್ಲಿ ‘ಆಗಿನ ಪುತ್ತೂರು ತಾಲ್ಲೂಕು’ ಅಥವಾ ‘ಆಗಿನ ಸುಳ್ಯ ತಾಲ್ಲೂಕು’ ಎಂದು ಸ್ಪಷ್ಟಪಡಿಸತಕ್ಕದ್ದು.

ಕಾಗದದ ನಕ್ಷೆಯನ್ನು ಬಳಸುವವರು ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಸರಣಿಯ 48 ಪಿ ಹಾಳೆಗಳನ್ನು ನೋಡಬಹುದು. ಇವು 12ರಿಂದ 13 ಡಿಗ್ರಿ ಉತ್ತರ ಅಕ್ಷಾಂಶ ಹಾಗೂ 75ರಿಂದ 76 ಡಿಗ್ರಿ ಪೂರ್ವ ರೇಖಾಂಶದ ನಡುವಿನ ಪ್ರದೇಶವನ್ನು ಒಳಗೊಂಡಿವೆ. ಈ ಭಾಗದಲ್ಲಿ 1 ನಿಮಿಷದ ಚೌಕವು ಸುಮಾರು 1.8 ಕಿ.ಮೀ. ಉದ್ದಗಲವಿದ್ದು, ನಡೆದು ಸಮೀಕ್ಷೆ ಮಾಡುವವರಿಗೆ ಅನುಕೂಲಕರ ಅಳತೆಯಾಗಿದೆ. ಚೌಕಗಳಿಗೆ ಗಡಿ ಬದಲಾವಣೆಯ ಬಾಧೆಯಿಲ್ಲ.

ಗುರುತಿಸುವಿಕೆ

ಮನೆಯ ಸುತ್ತಮುತ್ತಲಿನ 10-15 ಸಾಮಾನ್ಯ ಪ್ರಭೇದಗಳಿಂದ ಪ್ರಾರಂಭಿಸುವುದು ಒಳ್ಳೆಯದು. ಕಲ್ಲಿನ ಗೋಡೆಯ ಬಣ್ಣದಲ್ಲಿಯೇ ಬೆರೆತು ಕೂರುವ, ಸಿಮೆಂಟಿನ ತೊಟ್ಟಿಯಲ್ಲಿಯೂ ಮೊಟ್ಟೆಯಿಡುವ ಬ್ರಾಡಿನೋಪೈಗ ಜೆಮಿನೇಟ. ಮಲಿನ ನೀರನ್ನೂ ಸಹಿಸಿಕೊಳ್ಳುವ ಬ್ರಾಕಿಥೆಮಿಸ್ ಕಂಟಾಮಿನೇಟ. ಮುಸ್ಸಂಜೆಯಲ್ಲಿ ಹಾರುವ ಥೋಲಿಮಿಸ್ ಟಿಲ್ಲಾರ್ಗ ಇವುಗಳು ಪೇಟೆಯಲ್ಲಿಯೂ ಸಿಗುತ್ತವೆ. ನೆರಳಿನ ತೊರೆಗಳಿಗೆ ಹೋದಲ್ಲಿ ಹಿಂರೆಕ್ಕೆಯಲ್ಲಿ ಲೋಹದಂತಹ ಹಸಿರು ಮಿಂಚುವ ನ್ಯೂರೋಬೇಸಿಸ್ ಚೈನೆನ್ಸಿಸ್ ಕಾಣಬಹುದು. ವೆಸ್ಟಾಲಿಸ್ ಕುಲದ ಎರಡು ಪ್ರಭೇದಗಳಲ್ಲಿ ರೆಕ್ಕೆಯ ತುದಿ ಕಪ್ಪಾಗಿದ್ದರೆ ಎಪಿಕಾಲಿಸ್, ನಿರ್ಮಲವಾಗಿದ್ದರೆ ಗ್ರಾಸಿಲಿಸ್ ಎಂಬುದು ಮೊದಲ ಸುಳಿವು. ಯೂಫಿಯಾ ಫ್ರೇಸರಿ ಎಂಬ, ಫ್ರೇಸರ್ ಅವರ ಹೆಸರನ್ನೇ ಹೊತ್ತ ಪ್ರಭೇದವು ಪಶ್ಚಿಮಘಟ್ಟಗಳಿಗೆ ಸೀಮಿತವಾಗಿದ್ದು, ಕಾಡಿನ ರಭಸದ ತೊರೆಗಳನ್ನು ಬಿಟ್ಟು ದೂರ ಹೋಗುವುದಿಲ್ಲ.

ಕೆಲವು ಪ್ರಭೇದಗಳನ್ನು ಚಿತ್ರದಿಂದ ಮಾತ್ರ ಖಚಿತಪಡಿಸಲಾಗುವುದಿಲ್ಲ. ಪ್ರೊಟೊಸ್ಟಿಕ್ಟ ಕುಲದವುಗಳಲ್ಲಿ ಗಂಡಿನ ಬಾಲದ ತುದಿಯ ಉಪಾಂಗಗಳನ್ನು ಹತ್ತಿರದಿಂದ ನೋಡದೆ ಹೆಸರಿಸುವುದು ದುಡುಕಾಗುತ್ತದೆ. ಇಂತಹ ಸಂದರ್ಭದಲ್ಲಿ ಕುಲದ ಹೆಸರನ್ನಷ್ಟೇ ಬರೆದು ಬಿಡತಕ್ಕದ್ದು. ಅಪೂರ್ಣವಾದರೂ ಸರಿಯಾದ ನಮೂದನ್ನು ಮುಂದೆ ಪೂರ್ಣಗೊಳಿಸಬಹುದು; ಪೂರ್ಣವಾಗಿ ತಪ್ಪಾದ ನಮೂದು ನಕ್ಷೆಯಲ್ಲಿ ಉಳಿದುಬಿಡುತ್ತದೆ. ಬೆನ್ನಿನ ಮೇಲಿನಿಂದ, ಪಕ್ಕದಿಂದ ಹಾಗೂ ಬಾಲದ ತುದಿಯ ಚಿತ್ರಗಳನ್ನು, ಒಟ್ಟು 3 ಚಿತ್ರಗಳನ್ನು ತೆಗೆಯುವುದು ವಾಡಿಕೆ.

ಕಾಲ

ಮಳೆ ಇಳಿಮುಖವಾದ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅತಿ ಹೆಚ್ಚು ಪ್ರಭೇದಗಳು ಕಾಣುತ್ತವೆ. ಆದರೆ ಕಾಡಿನ ತೊರೆಗಳ ಕೆಲವು ಪ್ರಭೇದಗಳು ಹೊರಬರುವುದು ಏಪ್ರಿಲ್‌ನಿಂದ ಜೂನ್‌ವರೆಗೆ, ಅಂದರೆ ಮಳೆಯ ಹೊಸ್ತಿಲಲ್ಲಿ. ದೀಪಾವಳಿಯ ರಜೆಯಲ್ಲಿ ಮಾತ್ರ ಸಮೀಕ್ಷೆ ಮಾಡುವವರಿಗೆ ಅವು ಎಂದೂ ಸಿಗುವುದಿಲ್ಲ. ಬಿಸಿಲಿರುವ ದಿನ ಬೆಳಿಗ್ಗೆ 9ರಿಂದ ಮಧ್ಯಾಹ್ನ 1 ಗಂಟೆಯವರೆಗಿನ ಅವಧಿ ಸೂಕ್ತ.

ನಮೂದುಗಳ ಉಪಯೋಗ

2022ರ ಆಗಸ್ಟ್ ಆರಂಭದಲ್ಲಿ ಕೊಲ್ಲಮೊಗ್ರು, ಕಲ್ಮಕಾರು, ಹರಿಹರ ಪಲ್ಲತ್ತಡ್ಕ ಭಾಗದಲ್ಲಿ ಉಂಟಾದ ಪ್ರವಾಹ ಮತ್ತು ಭೂಕುಸಿತಗಳಿಂದ ಜನರಿಗೆ ಅಪಾರ ನಷ್ಟವಾಯಿತು. ತೊರೆಗಳ ಪಾತ್ರಗಳಲ್ಲಿ ಕಲ್ಲು ಮಣ್ಣು ತುಂಬಿತು. ಅಲ್ಲಿನ ಜಲಜೀವಿಗಳು ಎಷ್ಟರಮಟ್ಟಿಗೆ ಮರಳಿವೆ ಎಂದು ಅಳೆಯಲು 2022ಕ್ಕಿಂತ ಮುಂಚಿನ, ದಿನಾಂಕವಿರುವ ಚಿತ್ರಗಳು ಬೇಕು. ಯಾರದ್ದಾದರೂ ಹಳೆಯ ಕ್ಯಾಮೆರಾದಲ್ಲಿ ಅಥವಾ ಮೊಬೈಲಿನಲ್ಲಿ ಆ ತೊರೆಗಳ ಏರೋಪ್ಲೇನ್ ಚಿಟ್ಟೆಯ ಒಂದು ಚಿತ್ರವಿದ್ದರೂ ಅದು ಅಮೂಲ್ಯ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ನೀಡಲಾಯಿತು. ಎತ್ತಿನಹೊಳೆಯ ನೀರು ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಗೆ ಸೇರುವಂತಹುದಾದ್ದರಿಂದ, ಗುಂಡ್ಯದ ಕೆಳಭಾಗದಲ್ಲಿ ಪ್ರತಿ ವರ್ಷ ಅದೇ ಸ್ಥಳದಲ್ಲಿ, ಅದೇ ವಾರದಲ್ಲಿ ನಮೂದು ಮಾಡುವುದು ಬಹಳ ಪ್ರಯೋಜನಕಾರಿ.

ಗೇರು ನೆಡುತೋಪುಗಳ ಮೇಲೆ ಆಕಾಶಮಾರ್ಗದಿಂದ ಎಂಡೋಸಲ್ಫಾನ್ ಸಿಂಪಡಿಸಲಾಗಿದ್ದು, ಅದರಿಂದ ಮನುಷ್ಯರಿಗಾದ ಹಾನಿ ಈ ಪ್ರದೇಶದ ಎಲ್ಲರಿಗೂ ತಿಳಿದ ವಿಷಯ. ಈ ಕೀಟನಾಶಕವು ಮೀನು ಹಾಗೂ ಜಲಕೀಟಗಳಿಗೂ ತೀವ್ರ ವಿಷಕಾರಿ. ಅದರ ಮೇಲೆ 2011ರಲ್ಲಿ ನಿಷೇಧ ಜಾರಿಗೆ ಬಂದಿತು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವು ಮೈಲುತುತ್ತ ಮತ್ತು ಸುಣ್ಣದಿಂದ ಕೂಡಿದ್ದು, ಅದರಲ್ಲಿರುವ ತಾಮ್ರವು ಮಳೆಯೊಂದಿಗೆ ತೋಡಿಗೆ ಸೇರಬಲ್ಲುದು. ಕೃಷಿಕರೇ ದಾಖಲೆಗಾರರಾಗಿದ್ದಲ್ಲಿ ತಮ್ಮ ತೋಟಕ್ಕೆ ಮದ್ದು ಬಿಟ್ಟ ದಿನಾಂಕವನ್ನೂ ಅದೇ ಪುಸ್ತಕದಲ್ಲಿ ಬರೆದಿಡಲು ಕೋರಲಾಗಿದೆ. ಇದು ಯಾರ ಮೇಲೂ ದೂರು ದಾಖಲಿಸುವ ಸಲುವಾಗಿ ಅಲ್ಲ.

ನಕ್ಷೆಯನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಸ್ವಯಂಸೇವಕರ ನಕ್ಷೆಯಲ್ಲಿ ಚುಕ್ಕೆಗಳು ದಟ್ಟವಾಗಿರುವುದು ರಸ್ತೆಯ ಬದಿ, ಕಾಲೇಜಿನ ಸುತ್ತಮುತ್ತ ಹಾಗೂ ಯಾತ್ರಾಸ್ಥಳಗಳಲ್ಲಿ. ಅದು ಕೀಟಗಳಿಗಿಂತ ಹೆಚ್ಚಾಗಿ ನೋಡುವವರು ಎಲ್ಲಿದ್ದಾರೆ ಎಂಬುದರ ನಕ್ಷೆ. ಖಾಲಿ ಚೌಕವೆಂದರೆ ಅಲ್ಲಿ ಪ್ರಭೇದವಿಲ್ಲವೆಂದಲ್ಲ, ಯಾರೂ ಹೋಗಿಲ್ಲವೆಂದೂ ಇರಬಹುದು. ಆದುದರಿಂದ ಹೋಗಿ, ಒಂದು ಗಂಟೆ ಹುಡುಕಿ, ಏನೂ ಕಾಣದಿದ್ದಲ್ಲಿ ‘ಹುಡುಕಿದೆ, ಕಾಣಲಿಲ್ಲ’ ಎಂದು ಸಮಯಸಹಿತ ಬರೆದಿಡತಕ್ಕದ್ದು. ಬಹುತೇಕರು ಇಂತಹ ದಿನವನ್ನು ವ್ಯರ್ಥವೆಂದು ಬಗೆದು ಬರೆಯದೆ ಬಿಡುತ್ತಾರೆ.

ಅನುಮತಿ ಮತ್ತು ಸುರಕ್ಷತೆ

ಸ್ವಂತ ಜಮೀನಿನಲ್ಲಿ ಅಥವಾ ಸಾರ್ವಜನಿಕ ರಸ್ತೆ, ಸೇತುವೆಗಳಿಂದ ಚಿತ್ರ ತೆಗೆದು ನಮೂದಿಸಲು ಯಾವುದೇ ಅರ್ಜಿ ಅಥವಾ ಶುಲ್ಕದ ಅವಶ್ಯಕತೆಯಿರುವುದಿಲ್ಲ. ಇತರರ ತೋಟಕ್ಕೆ ಹೋಗುವಾಗ ಮಾಲೀಕರ ಒಪ್ಪಿಗೆ ಪಡೆಯತಕ್ಕದ್ದು. ಮೀಸಲು ಅರಣ್ಯವನ್ನು ಪ್ರವೇಶಿಸಲು ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಮೂಲಕ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಕೊಡಗಿನ ವ್ಯಾಪ್ತಿಯಲ್ಲಿರುವ ಪುಷ್ಪಗಿರಿ ವನ್ಯಜೀವಿಧಾಮದಲ್ಲಿ ಅಧ್ಯಯನ ಅಥವಾ ಛಾಯಾಗ್ರಹಣ ನಡೆಸಲು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 28ನೇ ಪ್ರಕರಣದ ಮೇರೆಗೆ ಪರವಾನಗಿ ಪಡೆಯಬೇಕಾಗುತ್ತದೆ. ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತಕ್ಕೆ ಏರುವ ಚಾರಣಿಗರು ಕೀಟವನ್ನು ಹಿಂಬಾಲಿಸಿ ನಿಗದಿತ ದಾರಿಯನ್ನು ಬಿಡುವಂತಿಲ್ಲ.

ಕಡಬ ಮತ್ತು ಸುಳ್ಯ ತಾಲ್ಲೂಕುಗಳ ಕಾಡಂಚಿನಲ್ಲಿ ಆನೆಗಳ ಸಂಚಾರವಿದೆ. 2023ರ ಫೆಬ್ರುವರಿಯಲ್ಲಿ ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಆನೆಯ ದಾಳಿಗೆ ಇಬ್ಬರು ಬಲಿಯಾದುದನ್ನು ನೆನಪಿನಲ್ಲಿಡತಕ್ಕದ್ದು. ಮುಂಜಾನೆ ಮತ್ತು ಮುಸ್ಸಂಜೆಯ ವೇಳೆ ಒಬ್ಬರೇ ತೊರೆಯ ಬದಿಗೆ ಹೋಗಬಾರದು. ಘಟ್ಟದ ಮೇಲೆ ಮಳೆಯಾದಲ್ಲಿ ಕೆಳಗೆ ಬಿಸಿಲಿದ್ದಾಗಲೂ ಹೊಳೆಯ ನೀರು ಹಠಾತ್ತನೆ ಏರುತ್ತದೆ; ನೀರು ಕೆಂಪಾಗಲು ಆರಂಭಿಸಿದ ಕೂಡಲೇ ದಡಕ್ಕೆ ಬರತಕ್ಕದ್ದು.

ನಮೂದುಗಳನ್ನು ಸಲ್ಲಿಸುವ ವಿಧಾನ

ಅಂತರ್ಜಾಲದಲ್ಲಿ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಹಾಗೂ ಒಡೊನೇಟಾ ಆಫ್ ಇಂಡಿಯಾ ಎಂಬ ತಾಣಗಳು ಸಾರ್ವಜನಿಕರ ಚಿತ್ರಸಹಿತ ನಮೂದುಗಳನ್ನು ಸ್ವೀಕರಿಸುತ್ತವೆ. ಚಿತ್ರವು ಮನೆಯಂಗಳದ್ದಾಗಿದ್ದಲ್ಲಿ ಐನ್ಯಾಚುರಲಿಸ್ಟ್‌ನಲ್ಲಿ ನಿಖರ ಸ್ಥಳವನ್ನು ಮರೆಮಾಡುವ ಸೌಲಭ್ಯವಿದೆ.

ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಲು ಆಯಾ ಗ್ರಾಮ ಪಂಚಾಯತ್ ಕಛೇರಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ವಿಳಾಸಿಸಿ ಬಿಳಿ ಹಾಳೆಯಲ್ಲಿ ಮನವಿ ಸಲ್ಲಿಸಬಹುದು. ಪುತ್ತೂರು ಪೇಟೆಯವರು ನಗರಸಭೆಗೂ, ಸುಳ್ಯ ಮತ್ತು ಕಡಬ ಪೇಟೆಗಳವರು ಪಟ್ಟಣ ಪಂಚಾಯತಿಗೂ ಸಲ್ಲಿಸತಕ್ಕದ್ದು. ಮನವಿಯೊಂದಿಗೆ ನಮೂದುಗಳ ಪಟ್ಟಿ, ಮುದ್ರಿತ ಚಿತ್ರಗಳು ಹಾಗೂ ಅಕ್ಷಾಂಶ-ರೇಖಾಂಶಗಳನ್ನು ಲಗತ್ತಿಸಿ, ಸ್ವೀಕೃತಿಯ ಮೊಹರು ಮತ್ತು ದಿನಾಂಕವುಳ್ಳ ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು. ತೋಡಿನ ತಿರುವು, ಕೆರೆಯ ಹೂಳೆತ್ತುವಿಕೆ ಮುಂತಾದ ಕಾಮಗಾರಿಗಳು ಗ್ರಾಮಸಭೆಯ ಮುಂದೆ ಬಂದಾಗ ಈ ಪ್ರತಿಯನ್ನು ಹಾಜರುಪಡಿಸಬಹುದಾಗಿದೆ. ದಾಖಲಾತಿಯು ಒಮ್ಮೆ ಬರೆದು ಮುಚ್ಚಿಡುವಂತಹುದಲ್ಲ. ಹೊಸ ಮಾಹಿತಿ ದೊರೆತಂತೆ ಸೇರ್ಪಡೆಗೆ ಕೋರಬಹುದು.

ತಜ್ಞರು ಗುರುತನ್ನು ತಿದ್ದಿದಲ್ಲಿ ಮೂಲ ಪುಸ್ತಕದಲ್ಲಿರುವ ಹೆಸರನ್ನು ಅಳಿಸದೆ, ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸ ಹೆಸರನ್ನೂ ತಿದ್ದಿದ ದಿನಾಂಕವನ್ನೂ ಬರೆಯತಕ್ಕದ್ದು. ಪಂಚಾಯತಿಗೆ ಈಗಾಗಲೇ ಸಲ್ಲಿಸಿದ ಪಟ್ಟಿಯಲ್ಲಿ ಅದೇ ತಪ್ಪು ಇದ್ದರೆ, ಹಿಂದಿನ ಸ್ವೀಕೃತಿಯ ದಿನಾಂಕವನ್ನು ಉಲ್ಲೇಖಿಸಿ ತಿದ್ದುಪಡಿ ಪತ್ರವನ್ನು ಪ್ರತ್ಯೇಕವಾಗಿ ನೀಡತಕ್ಕದ್ದು.